ಹೆಸರು ಹಾಕಿದ ಅಕ್ಷರಕ್ಕೆ ಹೊಣೆ ಉಂಟು

ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದ ಬಂಡೆಯ ಮೇಲಿರುವ ಬರಹವನ್ನು 1915ರಲ್ಲಿ ಮೊದಲು ಗುರುತಿಸಿದವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಹುಡುಕುತ್ತಿದ್ದದ್ದು ಚಿನ್ನ, ಸಿಕ್ಕಿದ್ದು ಅಶೋಕನ ಸಣ್ಣ ಶಿಲಾಶಾಸನ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ ಇತಿಹಾಸಕಾರರು ಬಹುಕಾಲದಿಂದ ಕಾಯುತ್ತಿದ್ದ ಒಂದು ಉತ್ತರ ದೊರೆಯಿತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ದೇಶದ ನಾನಾ ಕಡೆಯ ಬಂಡೆ, ಕಂಬಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಸಿಗುತ್ತಿದ್ದವು. ಆ ರಾಜ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಲಾಗಿತ್ತೇ ಹೊರತು, ಆ ರಾಜನ ಯಾವ ಶಾಸನದಲ್ಲೂ ಆ ಹೆಸರು ಕಂಡಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅದು ಇತ್ತು. ಆ ಒಂದು ಹೆಸರಿನಿಂದ ಅಲ್ಲಿಯವರೆಗೆ ಸಿಕ್ಕಿದ್ದ ಎಲ್ಲ ಶಾಸನಗಳಿಗೂ ಒಡೆಯ ಯಾರೆಂಬುದು ಕಲ್ಲಿನ ಮೇಲೆಯೇ ಖಚಿತವಾಯಿತು. ಮಸ್ಕಿಯದು ಒಂಟಿ ಶಾಸನವೂ ಅಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳ, ಹೀಗೆ ಹೆಚ್ಚುಕಡಿಮೆ ಒಂದೇ ಮಾತನ್ನು ಹಲವು ಊರುಗಳಲ್ಲಿ ಕೆತ್ತಿಸಲಾಗಿತ್ತು. ದೊಡ್ಡವರಿಗೂ ಸಣ್ಣವರಿಗೂ ಇದು ತಿಳಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು.

ಮುದ್ರಿತ ದಿನಪತ್ರಿಕೆಗೆ ಇನ್ನೂ ಬೆಲೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಜಾಗ ಈ ಬಂಡೆಯೇ ಎಂದು ನನಗೆ ಅನ್ನಿಸುತ್ತದೆ. ಬೆಳಗಿನ ಚಹಾದ ಜೊತೆ ಕಾಗದದ ವಾಸನೆ, ಪುಟ ತಿರುವುವ ಸುಖ, ಇವೆಲ್ಲ ಒಂದು ತಲೆಮಾರಿನ ಅಭ್ಯಾಸಗಳು. ಅವುಗಳ ಜೊತೆಗೆ ಪತ್ರಿಕೆಯೂ ಹೋಗುವುದಾದರೆ ಹೋಗಲಿ ಎನ್ನಬಹುದಿತ್ತು. ಪರದೆಗಿಂತ ಕಾಗದದ ಮೇಲೆ ಓದಿದ್ದು ಚೆನ್ನಾಗಿ ಅರ್ಥವಾಗುತ್ತದೆ ಎಂದು 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳ 1.7 ಲಕ್ಷಕ್ಕೂ ಹೆಚ್ಚು ಓದುಗರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಹೇಳಿದೆ. ಅದೂ ಗಣನೆಗೆ ಬರಬೇಕಾದ ಮಾತೇ, ಆದರೆ ನನ್ನ ವಾದ ಅದರ ಮೇಲೆ ನಿಂತಿಲ್ಲ. ಅಚ್ಚಾದ ಪತ್ರಿಕೆಯಲ್ಲಿ ಮಾತು ಒಮ್ಮೆ ಹೊರಬಿದ್ದರೆ ಬದಲಾಗುವುದಿಲ್ಲ, ಓದುವ ಎಲ್ಲರಿಗೂ ಅದೇ ಮಾತು ಸಿಗುತ್ತದೆ, ಮತ್ತು ಅದರ ಹಿಂದೆ ಒಬ್ಬರ ಹೆಸರಿರುತ್ತದೆ. ಈ ಮೂರೂ ಕೂಡಿದಾಗ ಮಾತಿಗೆ ಹೊಣೆ ಬರುತ್ತದೆ. ಯಾವುದೇ ದಿನಪತ್ರಿಕೆಯ ಕೊನೆಯ ಪುಟದ ಬುಡಕ್ಕೆ ಕಣ್ಣು ಹಾಯಿಸಿ. ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಅಚ್ಚಾದದ್ದು ಯಾವ ಊರಿನ ಯಾವ ಮುದ್ರಣಾಲಯದಲ್ಲಿ, ಸುದ್ದಿಗಳ ಆಯ್ಕೆಗೆ ಕಾನೂನಿನ ಪ್ರಕಾರ ಹೊಣೆಗಾರರಾದ ಸಂಪಾದಕರು ಯಾರು ಎಂಬುದೆಲ್ಲ ಇರುತ್ತದೆ. ಹೆಚ್ಚಿನ ಓದುಗರು ಆ ಸಾಲನ್ನು ಓದುವುದೇ ಇಲ್ಲ. 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಪತ್ರಿಕೆಯವರ ಮೇಲೆ ಕಣ್ಣಿಡಲೆಂದು ಬ್ರಿಟಿಷರು ತಂದ ನಿಯಮ ಅದು, ನಿಜ. ಆದರೆ ಓದುಗನಿಗೆ ಅದರಿಂದ ಸಿಕ್ಕಿದ್ದು ದೊಡ್ಡದು: ಸುದ್ದಿ ಸುಳ್ಳಾದರೆ ಯಾರ ಬಾಗಿಲು ತಟ್ಟಬೇಕೆಂಬ ವಿಳಾಸ.

ಆ ಹೆಸರು ಹಾಕುವುದಕ್ಕೆ ಜನ ತೆತ್ತ ಬೆಲೆಯೂ ಸಣ್ಣದಲ್ಲ. ರಾಯಚೂರು ಸೀಮೆ ನಿಜಾಮನ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ರಜಾಕಾರರ ಹಾವಳಿ ತುದಿಗೆ ಹೋಗಿದ್ದ 1948ರ ಆಗಸ್ಟ್‌ನಲ್ಲಿ, ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ರಾತ್ರಿ ಹೊತ್ತು ನಡುಬೀದಿಯಲ್ಲಿ ಕೊಂದರು. ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಬೇಕು, ರಜಾಕಾರರ ದೌರ್ಜನ್ಯ ನಿಲ್ಲಬೇಕು ಎಂದು ತಮ್ಮ ಹೆಸರಿನಲ್ಲೇ ಬರೆದದ್ದು ಅವರ ಅಪರಾಧವಾಗಿತ್ತು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 17ಕ್ಕೆ, ಸಂಸ್ಥಾನ ಶರಣಾಯಿತು. ಹೆಸರು ಮರೆಸಿ ಚೀಟಿ ಹಂಚಿದ್ದರೆ ಅವರು ಬದುಕುಳಿಯುತ್ತಿದ್ದರೇನೋ. ಆದರೆ ಆಗ ಆ ಬರಹಕ್ಕೆ ಅಷ್ಟು ತೂಕ ಇರುತ್ತಿರಲಿಲ್ಲ, ಅದಕ್ಕೆ ಯಾರೂ ಹೆದರುತ್ತಲೂ ಇರಲಿಲ್ಲ.

ಇದರ ಎದುರಿಗೆ ಇಂದು ಮೊಬೈಲಿನಲ್ಲಿ ಓಡಾಡುವ ಮಾತನ್ನು ಇಟ್ಟು ನೋಡಿ. 2018ರ ಜುಲೈ 13ರಂದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಸ್ನೇಹಿತರ ಜೊತೆ ಬಂದಿದ್ದ ಅವರ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂಚೆ ಮುಂದಿನ ಊರು ತಲುಪಿತ್ತು. ಆ ಸಂದೇಶಕ್ಕೆ ಸಂಪಾದಕ ಇರಲಿಲ್ಲ, ‘ಇದನ್ನು ಯಾರು ನೋಡಿದರು?’ ಎಂದು ಕೇಳುವವರು ನಡುವೆ ಯಾರೂ ಇರಲಿಲ್ಲ. ಫಾರ್ವರ್ಡ್ ಮಾಡಿದ ಪ್ರತಿಯೊಬ್ಬನಿಗೂ ತಾನು ಬರೆದದ್ದಲ್ಲ ಎಂಬ ಧೈರ್ಯ ಇತ್ತು. ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಈ ಘಟನೆಗೆ ಮೂರು ದಿನ ಮೊದಲು, ಜುಲೈ 10ರಂದು, ವಾಟ್ಸ್‌ಆ್ಯಪ್ ಸಂಸ್ಥೆಯೇ ಸುಳ್ಳುಸುದ್ದಿಯನ್ನು ಗುರುತಿಸುವುದು ಹೇಗೆಂದು ಜನರಿಗೆ ತಿಳಿಸಲು ದೇಶದ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತ್ತು. ಕೋಟ್ಯಂತರ ಜನರ ಕೈಯಲ್ಲಿದ್ದ ತನ್ನದೇ ವೇದಿಕೆ ಇದ್ದರೂ, ನಂಬಿಕೆಯ ಮಾತು ಹೇಳಬೇಕಾದಾಗ ಅದು ಅಚ್ಚಿನ ಪುಟವನ್ನು ಹುಡುಕಿಕೊಂಡು ಬಂತು. ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ಕಳಿಸದಂತೆ ಭಾರತದಲ್ಲಿ ಮಿತಿ ಹಾಕುವ ಪ್ರಕಟಣೆ ಬಂದದ್ದು ಮುರ್ಕಿಯ ಘಟನೆಯ ಮರುವಾರ.

ವೇಗದ ವಿಷಯದಲ್ಲಿ ಪತ್ರಿಕೆ ಸೋತಿದೆ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಆ ಸುದ್ದಿ ಸಿಂಧನೂರು, ಮಸ್ಕಿಯ ರೈತರಿಗೆ ತಲುಪಿದ್ದು ಮೊಬೈಲಿನಿಂದ. ಆಗತಾನೇ ನಾಟಿ ಮುಗಿಸಿದ ಭತ್ತ ಗದ್ದೆಯಲ್ಲಿತ್ತು, 105 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ ತುಂಬಿತ್ತು. ನದಿ ದಂಡೆಯ ಊರುಗಳನ್ನು ಎಚ್ಚರಿಸಬೇಕಾದ ಆ ರಾತ್ರಿ ಮರುದಿನದ ಪತ್ರಿಕೆಗೆ ಕಾಯಿರಿ ಎಂದು ಯಾರೂ ಹೇಳಲಾರರು. ಆದರೆ ಆ ರಾತ್ರಿಯ ನಂತರ ಒಂದು ವಾರ ನಡೆಯಿತಲ್ಲ, ಅದನ್ನೂ ನೋಡಬೇಕು. ಗೇಟ್ ಹೋಯಿತು ಎಂಬುದು ಒಂದು ಸಾಲಿನ ಸುದ್ದಿ. ರೈತನಿಗೆ ಬೇಕಾದದ್ದು ಬೇರೆ: ಎಷ್ಟು ಟಿಎಂಸಿ ಖಾಲಿ ಮಾಡಿದರೆ ತಜ್ಞ ಕನ್ನಯ್ಯ ನಾಯ್ಡು ಅವರ ತಂಡಕ್ಕೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಲು ಆಗುತ್ತದೆ, ಉಳಿಯುವ ನೀರು ಎಷ್ಟು, ಎಡದಂಡೆ ಕಾಲುವೆಗೆ ಬಿಡುವ ಪಾಲು ಎಷ್ಟು, ನಿಂತ ಪೈರು ಉಳಿದೀತೇ, ಎರಡನೇ ಬೆಳೆಯ ಗತಿ ಏನು. ಆಗಸ್ಟ್ 16, 17ರ ಹೊತ್ತಿಗೆ ಸ್ಟಾಪ್‌ಲಾಗ್ ಕೂತು ನೀರು ನಿಲ್ಲುವ ತನಕ ಈ ಪ್ರಶ್ನೆಗಳಿಗೆ ದಿನಕ್ಕೊಂದು ಅಂಕಿ, ಆ ಅಂಕಿ ಕೊಟ್ಟ ಅಧಿಕಾರಿಯ ಹುದ್ದೆ, ಹಿಂದಿನ ದಿನದ ಅಂಕಿಯ ಹೋಲಿಕೆ ಬೇಕಿತ್ತು. ಆ ಕೆಲಸಕ್ಕೆ ಒಂದು ರಾತ್ರಿ ಕೂತು ಪರಿಶೀಲಿಸಿ ಬರೆಯುವ ನಿಧಾನವೇ ಸರಿ.

ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಮೇಲ್ಭಾಗದಲ್ಲಿ ನೀರು ಹರಿದ ಮಾತ್ರಕ್ಕೆ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತರಿಗೆ ಅದು ಮುಟ್ಟಿತೆಂದು ಅರ್ಥವಲ್ಲ. ಅದಕ್ಕೇ ಈ ಭಾಗದ ಪತ್ರಿಕೆಗಳಲ್ಲಿ 69ನೇ ಮೈಲಿನ ಬಳಿ, 104ನೇ ಮೈಲಿನ ಬಳಿ ನೀರಿನ ಮಟ್ಟದ ಗೇಜ್ ಎಷ್ಟಡಿ ಇದೆ ಎಂಬುದು ಪದೇಪದೇ ಸುದ್ದಿಯಾಗುತ್ತದೆ. ಬೆಂಗಳೂರಿನ ಓದುಗರಿಗೆ ಅದು ಏನೂ ಅಲ್ಲದ ಸಂಖ್ಯೆ, ಇಲ್ಲಿಯವರಿಗೆ ವರ್ಷದ ಅನ್ನ. ಜಿಲ್ಲಾ ಪುಟದ ಮೂಲೆಯಲ್ಲಿ ಅಚ್ಚಾದ ಆ ಗೇಜ್ ಅಂಕಿಯನ್ನು ಹಿಡಿದು ಕೊನೆ ಭಾಗದ ರೈತ ನೀರಾವರಿ ಇಲಾಖೆಯ ಕಚೇರಿಗೆ ಹೋದರೆ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅದೇ ಅಂಕಿ ಯಾರದೋ ಸ್ಟೇಟಸ್‌ನಲ್ಲಿ ಇದ್ದರೆ ‘ಯಾರು ಹೇಳಿದರು ನಿಮಗೆ?’ ಎಂಬಲ್ಲಿಗೇ ಮಾತು ಮುಗಿಯುತ್ತದೆ.

ಕಾನೂನು ಕೂಡ ಈ ವ್ಯತ್ಯಾಸವನ್ನು ಬಲ್ಲದು. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸರ್ಕಾರ ರೈತನ ಭೂಮಿ ಪಡೆಯುವ ಮೊದಲು ಪ್ರಾಥಮಿಕ ಅಧಿಸೂಚನೆಯನ್ನು ಆ ಪ್ರದೇಶದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ವೆಬ್‌ಸೈಟಿನಲ್ಲಿ ಹಾಕಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ವೆಬ್‌ಸೈಟ್ ಇದೆಯೆಂದು ಪತ್ರಿಕೆಯನ್ನು ಬಿಡಲಿಲ್ಲ. ಸಾಲ ತೀರಿಸದವರ ಮನೆ, ಅಂಗಡಿಯನ್ನು ಬ್ಯಾಂಕು ವಶಕ್ಕೆ ಪಡೆದಾಗಲೂ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯಲ್ಲಿ, ನೋಟಿಸ್ ಬರಬೇಕು. ಕ್ರಿಮಿನಲ್ ಪ್ರಕರಣ ಎದುರಿಸುತ್ತಿರುವ ಅಭ್ಯರ್ಥಿ ಅದನ್ನು ಮತದಾರರಿಗೆ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಇವೆಲ್ಲ ಹಳೆಯ ರೂಢಿಯ ಪಳೆಯುಳಿಕೆಗಳಲ್ಲ, ಎಲ್ಲವೂ ಸ್ಮಾರ್ಟ್‌ಫೋನ್ ಬಂದ ಮೇಲೂ ನಡೆಯುತ್ತಿರುವ ನಿಯಮಗಳು. ನೋಟಿಸ್ ಯಾವ ದಿನ ಕೊಟ್ಟರು ಎಂಬುದರ ಮೇಲೆ ಆಕ್ಷೇಪಣೆ ಸಲ್ಲಿಸುವ ಗಡುವು ನಿಂತಿರುತ್ತದೆ. ತಾರೀಖು ಅಚ್ಚಾದ ಕಾಗದವನ್ನು ಆಮೇಲೆ ಯಾರೂ ಹಿಂದಕ್ಕೆ ಮುಂದಕ್ಕೆ ಮಾಡಲಾರರು.

ನೆನಪಿನ ಪ್ರಶ್ನೆ ಇದಕ್ಕಿಂತ ದೊಡ್ಡದು. ಅಂತರ್ಜಾಲಕ್ಕೆ ಹೋದದ್ದು ಶಾಶ್ವತ ಎಂಬ ನಂಬಿಕೆ ವ್ಯಾಪಕವಾಗಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದ ಪತ್ರಿಕೆ, ಅದರ ಸಂಚಿಕೆಗಳು ಇಂದಿಗೂ ಸಂಶೋಧಕರ ಕೈಗೆ ಸಿಗುತ್ತವೆ. ಹತ್ತು ವರ್ಷದ ಹಿಂದೆ ಮಸ್ಕಿಯಲ್ಲಿ ನಡೆದ ಒಂದು ಸಭೆಯ ಫೇಸ್‌ಬುಕ್ ಲೈವ್ ಸಿಗುತ್ತದೆಯೇ ಎಂದು ಹುಡುಕಿ ನೋಡಿದರೆ ಈ ಅಂತರ ಅರ್ಥವಾದೀತು. ಪಾಮನಕಲ್ಲೂರು ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತರು. 2021ರ ಏಪ್ರಿಲ್ 17ರ ಮಸ್ಕಿ ಉಪಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಯಿತು. ಆ ಚುನಾವಣೆಗೆ ಬಂದುಹೋದ ನಾಯಕರು ಯಾವ ಊರಿನಲ್ಲಿ ಏನು ಹೇಳಿದರು ಎಂಬುದಕ್ಕೆ ಇನ್ನು ಇಪ್ಪತ್ತು ವರ್ಷ ಬಿಟ್ಟು ಸಾಕ್ಷಿ ಬೇಕಾದರೆ ಎಲ್ಲಿ ಹೋಗಬೇಕು? ಅಳಿಸಿಹೋದ ಪೋಸ್ಟ್‌ಗಳ ಹತ್ತಿರವಲ್ಲ. ಆ ತಿಂಗಳುಗಳ ಪತ್ರಿಕೆಗಳನ್ನು ಯಾರಾದರೂ ಕಟ್ಟಿಸಿ ಇಟ್ಟಿದ್ದರೆ ಅಲ್ಲಿಗೆ.

ಪತ್ರಿಕೆಗಳೇನು ಸತ್ಯಹರಿಶ್ಚಂದ್ರನ ವಂಶವೇ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಕಾಸಿಗಾಗಿ ಸುದ್ದಿ ಮಾರಿಕೊಂಡ ಕಥೆ ಈ ದೇಶದಲ್ಲಿ ಅಡಗಿಸಿಡುವಂಥದ್ದಲ್ಲ. ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ಅದರ ಬಗ್ಗೆ ಪತ್ರಿಕೆಗಳ ಹೆಸರು ಹಿಡಿದು ವರದಿ ಬರೆಯಿತು, ಮಂಡಳಿ ಅದನ್ನು ಮೊದಲು ಪೂರ್ತಿಯಾಗಿ ಹೊರಗೆ ಬಿಡಲಿಲ್ಲ. ಇದು ಪತ್ರಿಕಾರಂಗ ತಲೆತಗ್ಗಿಸಬೇಕಾದ ವಿಷಯ. ಆದರೆ ಆ ವಂಚನೆ ಸಿಕ್ಕಿಬಿದ್ದದ್ದು ಹೇಗೆ ಎಂಬುದನ್ನು ಗಮನಿಸಿ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ನಂತರ ಪತ್ರಕರ್ತ ಪಿ. ಸಾಯಿನಾಥ್ ಪರಸ್ಪರ ಪೈಪೋಟಿಯ ಮೂರು ಮರಾಠಿ ದಿನಪತ್ರಿಕೆಗಳ ಪುಟಗಳನ್ನು ಅಕ್ಕಪಕ್ಕ ಇಟ್ಟರು. ಅಲ್ಲಿನ ಮುಖ್ಯಮಂತ್ರಿಯನ್ನು ಹೊಗಳುವ ಒಂದೇ ಲೇಖನ, ಪದಕ್ಕೆ ಪದ ಅದೇ, ಮೂರರಲ್ಲೂ ‘ಸುದ್ದಿ’ಯಾಗಿ ಬಂದಿತ್ತು. ಅಚ್ಚಾದ ಪ್ರತಿಗಳು ಇದ್ದುದರಿಂದಲೇ ಅದನ್ನು ತೋರಿಸಲು ಆಯಿತು. ಒಬ್ಬೊಬ್ಬರ ಮೊಬೈಲಿಗೂ ಒಂದೊಂದು ಬಗೆಯ ಪ್ರಚಾರ ಕಳಿಸಿ, ಮತದಾನದ ಮರುದಿನ ಅಳಿಸಿಹಾಕುವ ವ್ಯವಸ್ಥೆಯಲ್ಲಿ ಸಾಯಿನಾಥ್ ಯಾವ ಪುಟವನ್ನು ಯಾವುದರ ಪಕ್ಕ ಇಡಬೇಕಿತ್ತು? ಪತ್ರಿಕೆಯೂ ಸುಳ್ಳು ಹೇಳುತ್ತದೆ. ಆದರೆ ಹೇಳಿದ ಸುಳ್ಳನ್ನು ಅದು ಮತ್ತೆ ನುಂಗಲಾರದು. ಪತ್ರಿಕೆಯ ಮೇಲೆ ಸಿಟ್ಟಿರುವವರಿಗೂ ಅಚ್ಚಿನ ಪ್ರತಿ ಉಪಯೋಗಕ್ಕೆ ಬರುವುದು ಹೀಗೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಓದುಬರಹದ್ದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ಓದಲು ಬಾರದ ಹೆಣ್ಣುಮಗಳಿಗೆ ವಿಡಿಯೊ ಕೊಟ್ಟ ಲೋಕವನ್ನು ಪತ್ರಿಕೆ ಎಂದೂ ಕೊಟ್ಟಿರಲಿಲ್ಲ. ಪಡಿತರದ ವಿಷಯ, ಆಸ್ಪತ್ರೆಯ ವಿಷಯ, ದೂರದ ಊರಿಗೆ ದುಡಿಯಲು ಹೋದ ಗಂಡನ ಮುಖ, ಎಲ್ಲವೂ ಆ ಪುಟ್ಟ ಪರದೆಯಲ್ಲಿದೆ. ಇದನ್ನು ಹಗುರಾಗಿ ತೆಗೆದುಕೊಳ್ಳುವ ಹಕ್ಕು ಓದು ಕಲಿತ ಯಾರಿಗೂ ಇಲ್ಲ. ನಾನು ಹೇಳುವುದು ಇಷ್ಟು: ಪತ್ರಿಕೆಯ ಉಪಯೋಗ ಓದಬಲ್ಲವರಿಗೆ ಮಾತ್ರ ಸೀಮಿತವಾಗಿ ಎಂದೂ ಇರಲಿಲ್ಲ. ಈ ಸೀಮೆಯಲ್ಲಿ ಒಂದು ಪ್ರತಿ ಒಬ್ಬರದಾಗಿ ಉಳಿದದ್ದೇ ಅಪರೂಪ. ಬಸ್ ನಿಲ್ದಾಣದ ಬದಿಯ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಗೊಬ್ಬರದ ಅಂಗಡಿಯ ಬೆಂಚಿನ ಮೇಲೆ ಬೆಳಿಗ್ಗೆ ಬಿಡಿಸಿದ ಪತ್ರಿಕೆ ಪುಟಪುಟವಾಗಿ ಬೇರೆಯಾಗಿ ಮಧ್ಯಾಹ್ನದ ಹೊತ್ತಿಗೆ ಹತ್ತಾರು ಕೈ ದಾಟಿರುತ್ತದೆ. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ತಕರಾರು ತೆಗೆಯುತ್ತಾನೆ. ಎಪಿಎಂಸಿ ಧಾರಣೆ, ಜೆಸ್ಕಾಂನ ವಿದ್ಯುತ್ ವ್ಯತ್ಯಯ, ಜಲಾಶಯದ ಒಳಹರಿವು, ನಿಧನ ವಾರ್ತೆ, ಎಲ್ಲರ ಮುಂದೆ ಒಂದೇ ಪುಟ ಇರುತ್ತದೆ. ಮೊಬೈಲಿನಲ್ಲಿ ಅದೇ ಬೆಂಚಿನ ನಾಲ್ವರ ಮುಂದೆ ನಾಲ್ಕು ಲೋಕಗಳಿರುತ್ತವೆ. ಪ್ರತಿಯೊಬ್ಬನಿಗೂ ಅವನು ಮೊದಲೇ ಒಪ್ಪಿದ್ದನ್ನೇ ತೋರಿಸುವಂತೆ ಲೆಕ್ಕ ಹಾಕಿ ಮಾಡಿದ ಯಂತ್ರ ಅದು. ಒಂದೇ ಸಂಗತಿಯ ಮೇಲೆ ಎರಡು ಅಭಿಪ್ರಾಯವಿದ್ದರೆ ಊರು ವಾದ ಮಾಡಬಹುದು. ಸಂಗತಿಗಳೇ ಬೇರೆಬೇರೆಯಾದರೆ ಜಗಳ ಮಾತ್ರ ಸಾಧ್ಯ.

ಹಾಗಾದರೆ ಇ-ಪೇಪರ್ ಸಾಲದೇ? ಅದರಲ್ಲೂ ಅದೇ ಪುಟ, ಅದೇ ತಾರೀಖು, ಅದೇ ಹೆಸರು ಇರುತ್ತದಲ್ಲ? ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ, ಊರು ಬಿಟ್ಟುಹೋದವರಿಗಂತೂ ವರ. ಆದರೆ ಅದು ಸಂಸ್ಥೆಯ ಸರ್ವರಿನಲ್ಲಿ ಇರುವ ತನಕ ಮಾತ್ರ ಇರುತ್ತದೆ, ತೆಗೆದರೆ ಎಲ್ಲರಿಗೂ ಒಮ್ಮೆಲೇ ಹೋಗುತ್ತದೆ. ಸಾವಿರಾರು ಮನೆಗಳಿಗೆ ಹಂಚಿಹೋದ ಕಾಗದವನ್ನು ವಾಪಸು ಪಡೆಯಲು ಯಾರಿಂದಲೂ ಆಗದು. ಇನ್ನೊಂದು ಸಂಗತಿಯೂ ಇದೆ. ಸುಳ್ಳು ಹರಡುವವರು ಈಗ ಪತ್ರಿಕೆಯ ತುಣುಕನ್ನೇ ಹೋಲುವ ಚಿತ್ರಗಳನ್ನು ತಯಾರಿಸಿ ಗುಂಪುಗಳಿಗೆ ಬಿಡುತ್ತಾರೆ. ಅದೇ ಅಂಕಣದ ಅಗಲ, ಅದೇ ಬಗೆಯ ಶೀರ್ಷಿಕೆ, ಪತ್ರಿಕೆಯ ಹೆಸರು ಕೂಡ. ಬರಿಯ ಸಂದೇಶವನ್ನು ಜನ ಅನುಮಾನಿಸುತ್ತಾರೆ, ‘ಪೇಪರಿನಲ್ಲಿ ಬಂದಿದೆ’ ಎಂದರೆ ನಂಬುತ್ತಾರೆ ಎಂಬುದು ಆ ಖದೀಮರಿಗೂ ಗೊತ್ತು. ಹಾಗೆ ಬಂದ ತುಣುಕು ನಿಜವೋ ಸುಳ್ಳೋ ಎಂದು ನೋಡಲು ಕೊನೆಗೆ ಬೇಕಾಗುವುದು ಆ ದಿನದ ಅಚ್ಚಾದ ಪ್ರತಿಯೇ.

ಇಷ್ಟೆಲ್ಲ ಬೆಲೆಯಿರುವ ವಸ್ತು ತನ್ನಷ್ಟಕ್ಕೆ ಬದುಕುತ್ತದೆ ಎಂಬ ಭ್ರಮೆ ಬೇಡ. ಓದುಗ ಕೊಡುವ ಹಣದಲ್ಲಿ ಕಾಗದದ ಖರ್ಚೂ ಹುಟ್ಟುವುದು ಕಷ್ಟ, ಉಳಿದದ್ದನ್ನು ಜಾಹೀರಾತು ತುಂಬಬೇಕು, ಆ ಜಾಹೀರಾತು ಮೊಬೈಲಿಗೆ ಹೋಗಿದೆ. ಕಷ್ಟದ ಆ ಕಾಲದಲ್ಲೇ ಕೇಂದ್ರ ಸರ್ಕಾರ 2019ರಲ್ಲಿ ಆಮದು ನ್ಯೂಸ್‌ಪ್ರಿಂಟ್ ಮೇಲೆ ಶೇ 10ರ ಸುಂಕ ಹಾಕಿತು, ಮರುವರ್ಷ ಶೇ 5ಕ್ಕೆ ಇಳಿಸಿತು. ಹಣ ಕಡಿಮೆಯಾದಾಗ ಮೊದಲು ಹೋಗುವುದು ರಾಜಧಾನಿಯ ಅಂಕಣಕಾರನಲ್ಲ, ತಾಲ್ಲೂಕಿನ ವರದಿಗಾರ. 104ನೇ ಮೈಲಿನ ಗೇಜ್ ನೋಡಿ ಬರುವವನು ಅವನು, ಹಟ್ಟಿಯ ಗಣಿ ಕಾರ್ಮಿಕರ ಸಭೆಗೆ ಹೋಗುವವನು ಅವನು. ಬಹುಕಡೆ ಅವನಿಗೆ ಸಂಬಳವೇ ಇಲ್ಲ, ತಂದ ಜಾಹೀರಾತಿನ ಕಮಿಷನ್ ಮೇಲೆ ಜೀವನ. ಯಾರಿಂದ ಜಾಹೀರಾತು ತರಬೇಕೋ ಅವರ ವಿರುದ್ಧವೇ ಬರೆ ಎಂದು ಅವನಿಗೆ ಹೇಳುವುದು ಕ್ರೂರವಾಗುತ್ತದೆ. ಪತ್ರಿಕಾ ಸಂಸ್ಥೆಗಳು ಈ ಪದ್ಧತಿಯನ್ನು ಬಿಡದ ಹೊರತು ಹೊಣೆಯ ಮಾತೆಲ್ಲ ಅರ್ಧಕ್ಕೇ ನಿಲ್ಲುತ್ತದೆ.

ಸರ್ಕಾರದಿಂದ ಆಗಬೇಕಾದ ಕೆಲಸಕ್ಕೆ ದೊಡ್ಡ ಖರ್ಚೇನೂ ಇಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, ಪತ್ರಿಕೆ ತರಿಸುತ್ತವೆ. ತಿಂಗಳಾದ ಮೇಲೆ ಅವು ರದ್ದಿಗೆ ಹೋಗದಂತೆ ತಾಲ್ಲೂಕಿಗೆ ಒಂದು ಕಡೆಯಾದರೂ ಜಿಲ್ಲಾ ಆವೃತ್ತಿಗಳನ್ನು ತಿಂಗಳವಾರು ಕಟ್ಟಿಸಿ, ಗೆದ್ದಲು ಹತ್ತದಂತೆ ಇಟ್ಟು, ಕೇಳಿದವರಿಗೆ ತೋರಿಸುವ ವ್ಯವಸ್ಥೆ ಬೇಕು. ಸಿಂಧನೂರು, ಲಿಂಗಸುಗೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಈಚೆಗೆ ತಾಲ್ಲೂಕಾದ ಮಸ್ಕಿಗೆ ತನ್ನದೇ ದಾಖಲೆಗಳು ಇನ್ನೂ ಕಡಿಮೆ. ಆ ಕೆಲಸ ಇಲ್ಲಿಂದಲೇ ಶುರುವಾಗಲಿ. ರಾಯಚೂರಿನಿಂದ ಹೊರಡುವ ‘ಸುದ್ದಿಮೂಲ’ದಂಥ ಜಿಲ್ಲೆಯ ಪತ್ರಿಕೆಗಳಿಗೆ ಅದರಲ್ಲಿ ಮೊದಲ ಜಾಗ ಸಿಗಬೇಕು, ಏಕೆಂದರೆ ರಾಜ್ಯಮಟ್ಟದ ಪತ್ರಿಕೆಗಳ ಪ್ರತಿ ಬೇರೆಲ್ಲಾದರೂ ಉಳಿದೀತು, ಇವುಗಳದ್ದು ಉಳಿಯುವ ಭರವಸೆ ಇಲ್ಲ. ಪತ್ರಿಕೆಗಳು ತಮ್ಮ ಕಡೆಯಿಂದ ಎರಡು ಕೆಲಸ ಮಾಡಲಿ. ಹಣ ಪಡೆದು ಹಾಕಿದ ಪುಟದ ನೆತ್ತಿಯ ಮೇಲೆ ‘ಜಾಹೀರಾತು’ ಎಂದು ಓದಲು ಬರುವ ಅಕ್ಷರದಲ್ಲಿ ಬರೆಯಲಿ. ಮೊದಲ ಪುಟದಲ್ಲಿ ಮಾಡಿದ ತಪ್ಪನ್ನು ಆರನೇ ಪುಟದ ಮೂಲೆಯಲ್ಲಿ ಎರಡು ಸಾಲಿನಲ್ಲಿ ತಿದ್ದುವುದನ್ನು ಬಿಟ್ಟು, ಮೊದಲ ಪುಟದಲ್ಲೇ ತಿದ್ದಲಿ.